ಎಂಟು ಸೆಕೆಂಡು ಎಂಬ ಮೂಢನಂಬಿಕೆ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಮೇಷ್ಟ್ರೇ, ನಿಮ್ಮ ಮನೆಯಲ್ಲೂ ಎಸ್ಪ್ರೆಸೊ ಯಂತ್ರ ಇದೆಯಂತಲ್ಲ. ಪ್ರೀ-ಇನ್‌ಫ್ಯೂಷನ್ ಎಷ್ಟು ಸೆಕೆಂಡು ಇಟ್ಟಿದ್ದೀರಿ? ಎಲ್ಲರೂ ಎಂಟು ಅಂತಾರೆ. ನಾನೂ ಎಂಟೇ ಇಟ್ಟಿದ್ದೇನೆ. ಆದರೂ ಕಾಫಿ ಒಂದು ದಿನ ಹುಳಿ, ಒಂದು ದಿನ ಕಹಿ" ಎಂದು ತನ್ನ ಸಂಕಟ ತೋಡಿಕೊಂಡ. "ಎಂಟನೆಯ ಸೆಕೆಂಡಿನಲ್ಲಿ ನಿನ್ನ ಬಟ್ಟಲಿನ ತಳ ಹೇಗಿರುತ್ತದಪ್ಪಾ? ಒದ್ದೆಯಾಗಿರುತ್ತದೋ, ಒಣಗಿರುತ್ತದೋ?" ಎಂದು ನಾನು ಮರುಪ್ರಶ್ನೆ ಹಾಕಿದೆ. ಆತ ಕ್ಷಣಕಾಲ ಸುಮ್ಮನಿದ್ದು, "ಅದನ್ನು ನೋಡಿಲ್ಲ ಮೇಷ್ಟ್ರೇ. ಯಂತ್ರದ ಮೇಲೆ ಸೆಕೆಂಡು ಓಡುತ್ತದಲ್ಲ, ಅದನ್ನೇ ನೋಡುತ್ತಿರುತ್ತೇನೆ" ಎಂದ.

ನನಗೆ ಸಿಟ್ಟು ಬಂತು. ಎಂಜಿನಿಯರಿಂಗ್ ಓದಿ, ದೊಡ್ಡ ಹುದ್ದೆಯಲ್ಲಿದ್ದು, ಮಕ್ಕಳ ತಂದೆಯಾಗಿರುವವನಿಗೆ ಹೇಳಬಾರದ ಒಂದು ಮಾತನ್ನು ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಯೋಚಿಸಿದಾಗ ಸಿಟ್ಟು ಅವನೊಬ್ಬನ ಮೇಲಲ್ಲ ಎಂದು ತಿಳಿಯಿತು. ನನ್ನ ಅಳಿಯಂದಿರೂ ಎಂಟು ಎನ್ನುತ್ತಾರೆ. ಯಂತ್ರ ಮಾರುವವನೂ ಎಂಟು ಎನ್ನುತ್ತಾನೆ. ಏಕೆ ಎಂಟು, ಯಾವುದರಿಂದ ಎಂಟು, ಎಲ್ಲಿಂದ ಎಂಟು ಎಂದು ಕೇಳಿದರೆ ಉತ್ತರವಿಲ್ಲ. ಇಂಥದ್ದನ್ನು ನಮ್ಮ ಅಜ್ಜಿಯರು ಮಾಡಿದರೆ ಮೂಢನಂಬಿಕೆ ಎಂದು ನಗುತ್ತೇವೆ. ಯಂತ್ರದ ಮುಂದೆ ನಿಂತು ನಾವೇ ಮಾಡಿದರೆ ಅದು ವಿಜ್ಞಾನವಾಗುತ್ತದೆಯೆ? ಈ ಲೇಖನ ಆ ಅಂಕಿಯ ವಿರುದ್ಧ ನನ್ನ ವಾದ.

ಈ ಯಂತ್ರವನ್ನು ನೋಡಿರದ ಬಂಧುಗಳಿಗಾಗಿ ಎರಡು ಮಾತು. ಎಸ್ಪ್ರೆಸೊ ಎಂದರೆ ನುಣುಪಾಗಿ ಅರೆದ ಕಾಫಿಪುಡಿಯನ್ನು ತೂತುಗಳುಳ್ಳ ಒಂದು ಪುಟ್ಟ ಬಟ್ಟಲಿಗೆ ತುಂಬಿ, ಒತ್ತಿ ಬಿಲ್ಲೆಯಂತೆ ಮಾಡಿ, ಅದರ ಮೂಲಕ ಸುಮಾರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿನೀರನ್ನು 9 ಬಾರ್ ಒತ್ತಡದಲ್ಲಿ ನೂಕಿ ಇಳಿಸುವ ಗಟ್ಟಿ ಕಾಫಿ. 9 ಬಾರ್ ಎಂದರೆ ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡದ ಸುಮಾರು ಒಂಬತ್ತರಷ್ಟು. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿಯನ್ನು 25ರಿಂದ 30 ಸೆಕೆಂಡಿನಲ್ಲಿ ಇಳಿಸುವುದು ಇಂದಿನ ವಾಡಿಕೆ. ಇಷ್ಟು ಒತ್ತಡವನ್ನು ಒಣಪುಡಿಯ ಮೇಲೆ ಒಮ್ಮೆಲೇ ಹೇರಿದರೆ ನೀರು ಎಲ್ಲಿ ಸಡಿಲವಿದೆಯೋ ಅಲ್ಲಿ ಕೊರೆದುಕೊಂಡು ನುಗ್ಗುತ್ತದೆ. ಕೊರೆದ ಜಾಗದ ಪುಡಿ ಅತಿಯಾಗಿ ತೊಳೆದುಹೋಗಿ ಕಹಿ ಬಿಡುತ್ತದೆ. ಪಕ್ಕದ ಪುಡಿ ಅರೆನೆನೆದು ಹುಳಿಯಾಗಿ ಉಳಿಯುತ್ತದೆ. ಒಂದೇ ಲೋಟದಲ್ಲಿ ಹುಳಿಯೂ ಕಹಿಯೂ ಒಟ್ಟಿಗೆ ಬಂದರೆ ಒಳಗೆ ಕೊರಕಲು ಬಿದ್ದಿದೆ ಎಂದೇ ಶಂಕಿಸಬೇಕು. ಇದನ್ನು ತಡೆಯಲು ಪೂರ್ಣ ಒತ್ತಡಕ್ಕೆ ಮೊದಲು ಸ್ವಲ್ಪ ನೀರನ್ನು ಮೆಲ್ಲಗೆ ಬಿಟ್ಟು ಪುಡಿಯನ್ನು ನೆನೆಸುತ್ತಾರೆ. ಅದೇ ಪ್ರೀ-ಇನ್‌ಫ್ಯೂಷನ್. ನಾನು ಅದನ್ನು 'ಮುನ್ನೆನೆಸು' ಎಂದು ಕರೆಯುತ್ತೇನೆ. ನೆನೆದ ಪುಡಿ ಉಬ್ಬಿ, ಕಣಗಳ ನಡುವಿನ ಸಂದುಗಳು ಮುಚ್ಚಿ, ಬಿಲ್ಲೆ ಒಂದೇ ಹದಕ್ಕೆ ಬರುತ್ತದೆ. ಆಮೇಲೆ ಒತ್ತಡ ಬಂದರೆ ನೀರು ಎಲ್ಲ ಕಡೆಯಿಂದಲೂ ಸಮನಾಗಿ ಇಳಿಯುತ್ತದೆ.

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಬಿರುಬೇಸಗೆಯಲ್ಲಿ ಕಾದ ನೆಲದ ಮೇಲೆ ಬಿರುಮಳೆ ಸುರಿದರೆ ನೀರೆಲ್ಲ ಕೊರಕಲು ಮಾಡಿಕೊಂಡು ಹಳ್ಳಕ್ಕೆ ಹೋಗುತ್ತದೆ. ಮೊದಲು ಸೋನೆ ಹಿಡಿದು ಮಣ್ಣು ನೆನೆದಿದ್ದರೆ ಹಿಂದೆ ಬರುವ ಮಳೆ ನೆಲಕ್ಕೆ ಇಳಿಯುತ್ತದೆ. "ಎಷ್ಟು ನಿಮಿಷ ಸೋನೆ ಹಿಡಿದರೆ ನೆಲ ನೆನೆಯುತ್ತದೆ?" ಎಂದು ಯಾವ ರೈತನೂ ಗಡಿಯಾರ ನೋಡಿ ಹೇಳುವುದಿಲ್ಲ. ಬೆರಳು ಹಾಕಿ ಮಣ್ಣು ನೋಡಿ ಹೇಳುತ್ತಾನೆ.

ನಮ್ಮ ತಾಯಿಯವರೂ ಹಾಗೆಯೇ. ಹಿತ್ತಾಳೆಯ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ತೂತಿನ ತಟ್ಟೆಯನ್ನು ಮೆಲ್ಲಗೆ ಒತ್ತಿ, ಮೊದಲು ಪುಡಿ ಮುಳುಗುವಷ್ಟೇ ಬಿಸಿನೀರು ಹನಿಸುತ್ತಿದ್ದರು. "ಹೀರಲಿ, ತಡಿ" ಎನ್ನುತ್ತಿದ್ದರು. ಗುಳ್ಳೆ ಎದ್ದು, ಪುಡಿ ಉಬ್ಬಿ, ಘಮ ಬಂದ ಮೇಲೆ ಉಳಿದ ನೀರು. ಹೊಸದಾಗಿ ಹುರಿದ ಪುಡಿಯಾದರೆ ಹೆಚ್ಚು ಹೊತ್ತು ಕಾಯುತ್ತಿದ್ದರು, ಹಳೆಯದಾದರೆ ಬೇಗ ಸುರಿಯುತ್ತಿದ್ದರು. ಹೊಸ ಪುಡಿಯಲ್ಲಿ ಹುರಿದಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುತ್ತದೆ, ಅದು ಹೊರಬರುವಾಗ ನೀರನ್ನು ತಡೆಯುತ್ತದೆ ಎಂಬ ರಸಾಯನಶಾಸ್ತ್ರ ಅವರಿಗೆ ಗೊತ್ತಿರಲಿಲ್ಲ. ಆದರೆ ಗುಳ್ಳೆ ಕಾಣುತ್ತಿತ್ತು. ಅವರ ಮುಂದೆ ಗಡಿಯಾರವಿರಲಿಲ್ಲ, ಕಾಫಿ ಇತ್ತು.

ಇನ್ನು ಯಂತ್ರದ ಇತಿಹಾಸವನ್ನಾದರೂ ನೋಡೋಣ. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಅದನ್ನು ಒಂದೊಂದು ಬಟ್ಟಲಿಗೆ ಒಗ್ಗಿಸಿದ. ಅವು ಇಂದಿನ ಒತ್ತಡದ ಹತ್ತಿರಕ್ಕೂ ಬಾರದ ಹಬೆಯ ಯಂತ್ರಗಳು. ಎರಡನೆಯ ಮಹಾಯುದ್ಧದ ನಂತರ ಮಿಲಾನಿನ ಅಕಿಲ್ಲೆ ಗಾಜಿಯಾ ಸನ್ನೆಗೋಲು ಮತ್ತು ಸ್ಪ್ರಿಂಗಿನ ಯಂತ್ರವನ್ನು ಬಳಕೆಗೆ ತಂದ. ಕಾಫಿಯ ಮೇಲೆ ಹೊಂಬಣ್ಣದ ನೊರೆ, ಅಂದರೆ ಕ್ರೆಮಾ, ಕಾಣಿಸಿಕೊಂಡಿದ್ದು ಆಗಲೇ. ಆ ಯಂತ್ರದ ಸೊಗಸು ನೋಡಿ. ಸನ್ನೆಗೋಲನ್ನು ಕೆಳಗೆ ಎಳೆದಾಗ ಸ್ಪ್ರಿಂಗು ಕುಗ್ಗುತ್ತದೆ, ನೀರಿನ ದಾರಿ ತೆರೆಯುತ್ತದೆ, ಬಾಯ್ಲರಿನ ಅಲ್ಪ ಒತ್ತಡದಲ್ಲಿ ನೀರು ಪುಡಿಯ ಮೇಲೆ ಬಂದು ನಿಲ್ಲುತ್ತದೆ. ಕೈ ಬಿಟ್ಟಾಗಲೇ ಸ್ಪ್ರಿಂಗು ಪೂರ್ಣ ಬಲದಿಂದ ಒತ್ತುವುದು. ಎಳೆದು ಹಿಡಿದಿರುವ ಆ ಹೊತ್ತೇ ಮುನ್ನೆನೆಸು. ಎಷ್ಟು ಹೊತ್ತು ಹಿಡಿಯಬೇಕು? ಹಿಡಿದವನ ಕಣ್ಣಿಗೂ ಕೈಗೂ ಬಿಟ್ಟದ್ದು.

1961ರಲ್ಲಿ ಫಾಯೆಮಾ ಕಂಪನಿಯವರು ಇ61 ಎಂಬ ಯಂತ್ರವನ್ನು ತಂದರು. ಆ ವರ್ಷದ ಫೆಬ್ರವರಿ 15ರಂದು ಇಟಲಿಯಲ್ಲಿ ಖಗ್ರಾಸ ಸೂರ್ಯಗ್ರಹಣ ಕಂಡಿತ್ತು. ಇಟಾಲಿಯನ್ ಭಾಷೆಯ ಗ್ರಹಣ ಎಂಬ ಪದದ ಮೊದಲಕ್ಷರವೇ ಆ 'ಇ'. ಅದರಲ್ಲಿ ತೋಳಿನ ಬಲದ ಬದಲು ವಿದ್ಯುತ್ ಪಂಪು ಬಂತು. ಆದರೆ ಪಂಪಿನ ಬಲ ಒಮ್ಮೆಲೇ ಪುಡಿಗೆ ತಾಗದಂತೆ ನೀರಿನ ದಾರಿಯಲ್ಲಿ ಸ್ಪ್ರಿಂಗಿನ ಕವಾಟವಿರುವ ಒಂದು ಸಣ್ಣ ಕೋಣೆಯನ್ನು ಇಟ್ಟರು. ಆ ಕೋಣೆ ತುಂಬುವ ತನಕ ಒತ್ತಡ ಮೆಲ್ಲಗೆ ಏರುತ್ತದೆ. ಅಲ್ಲಿಯೂ ಸೆಕೆಂಡಿನ ಗುಂಡಿಯಿಲ್ಲ. ನೆನೆಸುವುದು ಮುಖ್ಯವೆಂದು ಆ ಎಂಜಿನಿಯರುಗಳಿಗೆ ತಿಳಿದಿತ್ತು. ಎಂಟು ಎಂಬ ಮಂತ್ರ ತಿಳಿದಿರಲಿಲ್ಲ!

ಈಗ ಮನೆಯ ಯಂತ್ರಗಳಿಗೆ ಬರುತ್ತೇನೆ. ಇವುಗಳಲ್ಲಿ ಮುನ್ನೆನೆಸು ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕ್ರಿಯೆಗಳು ನಡೆಯುತ್ತವೆ. ಕೆಲವು ಯಂತ್ರಗಳು ಪಂಪಿನ ಬಲವನ್ನು ತಗ್ಗಿಸಿ ನಿಧಾನವಾಗಿ ನೀರು ಬಿಡುತ್ತಲೇ ಇರುತ್ತವೆ. ಕೆಲವು ಎರಡು ಸೆಕೆಂಡು ಪೂರ್ತಿ ಬಲದಲ್ಲಿ ನೀರು ಬಿಟ್ಟು, ಪಂಪು ನಿಲ್ಲಿಸಿ, ಆರು ಸೆಕೆಂಡು ಸುಮ್ಮನೆ ಕಾಯುತ್ತವೆ. ನಲ್ಲಿಗೆ ನೇರ ಜೋಡಿಸಿದ ಕೆಲವು ದೊಡ್ಡ ಯಂತ್ರಗಳು ನಲ್ಲಿಯ ಒತ್ತಡದಲ್ಲೇ ನೆನೆಸುತ್ತವೆ. ಯಾವ ವ್ಯವಸ್ಥೆಯೂ ಇಲ್ಲದ ಅಗ್ಗದ ಯಂತ್ರದಲ್ಲೂ, ಅದರ ಪುಟ್ಟ ವೈಬ್ರೇಟರಿ ಪಂಪು 9 ಬಾರಿಗೆ ಏರಲು ಕೆಲವು ಸೆಕೆಂಡು ತೆಗೆದುಕೊಳ್ಳುವುದರಿಂದ, ತಾನಾಗಿಯೇ ಅಷ್ಟಿಷ್ಟು ನೆನೆಸು ನಡೆದಿರುತ್ತದೆ. ಇವುಗಳಿಗೆಲ್ಲ ಒಂದೇ 'ಎಂಟು' ಹೇಗೆ ಒಪ್ಪುತ್ತದೆ?

ಏಳನೆಯ ತರಗತಿಯ ಲೆಕ್ಕವೊಂದನ್ನು ಮಾಡೋಣ. ಬಟ್ಟಲಿನಲ್ಲಿ 18 ಗ್ರಾಂ ಪುಡಿಯಿದೆ. ಅದು ಪೂರ್ತಿ ನೆನೆಯಲು 20 ಮಿಲಿಲೀಟರ್ ನೀರು ಬೇಕು, ಪುಡಿಯ ಮೇಲಿನ ಖಾಲಿ ಜಾಗ ತುಂಬಲು 10 ಮಿಲಿಲೀಟರ್ ಬೇಕು ಎಂದಿಟ್ಟುಕೊಳ್ಳಿ. ಒಟ್ಟು 30. ಮೊದಲ ಯಂತ್ರ ಸೆಕೆಂಡಿಗೆ 3 ಮಿಲಿಲೀಟರ್ ಬಿಡುತ್ತದೆ, ಎರಡನೆಯದು 6. ಮೊದಲನೆಯದಕ್ಕೆ 10 ಸೆಕೆಂಡು ಬೇಕು, ಎರಡನೆಯದಕ್ಕೆ 5 ಸಾಕು. ಇಬ್ಬರೂ ಎಂಟಕ್ಕೆ ನಿಲ್ಲಿಸಿದರೆ ಏನಾಯಿತು? ಮೊದಲನೆಯವರ ಬಟ್ಟಲಿಗೆ 24 ಮಿಲಿಲೀಟರ್ ಬಂದು ತಳದ ಪುಡಿ ಇನ್ನೂ ಒಣಗಿದೆ. ಅದರ ಮೇಲೆಯೇ 9 ಬಾರ್ ಬಂದು ಬೀಳುತ್ತದೆ. ಎರಡನೆಯವರಲ್ಲಿ ನೆನೆಸು ಎಂದೋ ಮುಗಿದು ಕಾಫಿ ಇಳಿಯಲು ಆರಂಭಿಸಿದೆ. ಅವರು ಅದನ್ನಿನ್ನೂ ಮುನ್ನೆನೆಸು ಎಂದೇ ಕರೆಯುತ್ತಿದ್ದಾರೆ. ಒಂದೇ ಅಂಕಿ, ಎರಡು ತಪ್ಪು.

ಪುಡಿಯೂ ಸುಮ್ಮನಿರುವುದಿಲ್ಲ. ಕಡಿಮೆ ಹುರಿದ ಬೀಜ ಗಟ್ಟಿ, ಅದರೊಳಗೆ ನೀರು ನಿಧಾನವಾಗಿ ಇಳಿಯುತ್ತದೆ. ಕಪ್ಪಗೆ ಹುರಿದ ಬೀಜ ಟೊಳ್ಳಾಗಿ ಬೇಗ ಹೀರುತ್ತದೆ. ನುಣುಪಾಗಿ ಅರೆದರೆ ಹೊತ್ತು ಹೆಚ್ಚು, ತರಿಯಾದರೆ ಕಡಿಮೆ. ನಮ್ಮ ಮನೆಯ ಯಂತ್ರದಲ್ಲಿ ರೊಬಸ್ಟಾ ಬೆರೆತ ಕಪ್ಪು ಹುರಿತದ ಪುಡಿಯ ತಳ ಐದು ಸೆಕೆಂಡಿಗೆ ಪೂರ್ತಿ ಒದ್ದೆಯಾಗುತ್ತದೆ. ಚಿಕ್ಕಮಗಳೂರು ಸೀಮೆಯ ತಿಳಿ ಹುರಿತದ ಅರೇಬಿಕಾ ಹಾಕಿದರೆ ಹನ್ನೊಂದು ದಾಟುತ್ತದೆ. ಅದೇ ಯಂತ್ರ, ಅದೇ ಬೆಳಗು, ಅದೇ ಮುದುಕ! ನಮ್ಮ ರೊಬಸ್ಟಾ ಇಟಲಿಗೆ ಹಡಗಿನಲ್ಲಿ ಹೋಗಿ ಅಲ್ಲಿಯ ಎಸ್ಪ್ರೆಸೊ ಮಿಶ್ರಣಗಳಲ್ಲಿ ಬೆರೆಯುತ್ತದೆ. ಅದಕ್ಕೆ ಹೊಂದಿಸಿದ ಅಂಕಿಯನ್ನು ತಂದು, ಅದೇ ಗುಡ್ಡದ ಇನ್ನೊಂದು ಬಗೆಯ ಬೀಜಕ್ಕೆ ಹಚ್ಚುವುದು ಎಂಥ ವಿವೇಕ?

ಹೆಚ್ಚು ಹೊತ್ತು ನೆನೆಸಿದರೆ ಒಳ್ಳೆಯದೇ ಆಗುತ್ತದೆಂಬ ಇನ್ನೊಂದು ಪಂಥವೂ ಇದೆ. ಅದೂ ಸರಿಯಲ್ಲ. ಬೇಗ ಹೀರುವ ಕಪ್ಪುಪುಡಿಯನ್ನು ಸುಮ್ಮನೆ ನೆನೆಯಲು ಬಿಟ್ಟರೆ ಬಿಲ್ಲೆ ಸಡಿಲಗೊಂಡು, ಒತ್ತಡ ಬಂದಾಗ ಕಾಫಿ ಹರಿದು ಓಡುತ್ತದೆ. ಕಾಯುತ್ತಿರುವಷ್ಟು ಹೊತ್ತು ನೀರೂ ಬಿಲ್ಲೆಯೂ ಆರುತ್ತಿರುತ್ತವೆ. "ಈ ಮುನ್ನೆನೆಸೇ ಬೇಡ, ಎಲ್ಲ ಬೊಗಳೆ" ಎನ್ನುವವರಿಗೂ ನಾನು ಒಪ್ಪುವವನಲ್ಲ. ತಿಳಿ ಹುರಿತದ ಪುಡಿಯನ್ನು ನುಣುಪಾಗಿ ಅರೆದು ನೆನೆಸದೆ ಒಮ್ಮೆ ಇಳಿಸಿ ನೋಡಿದರೆ ಅವರ ನಾಲಿಗೆಯೇ ಅವರಿಗೆ ಉತ್ತರ ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಗೊಂದಲ ಸೊನ್ನೆಯದು. ಸೆಕೆಂಡನ್ನು ಎಲ್ಲಿಂದ ಎಣಿಸುತ್ತೀರಿ? ಗುಂಡಿ ಒತ್ತಿದ ಕ್ಷಣದಿಂದಲೋ, ಮೊದಲ ಹನಿ ಬಿದ್ದ ಕ್ಷಣದಿಂದಲೋ, ಪೂರ್ಣ ಒತ್ತಡ ಬಂದ ಕ್ಷಣದಿಂದಲೋ? "ನನ್ನದು ಮೂವತ್ತು ಸೆಕೆಂಡು" ಎಂದು ಒಬ್ಬರು ಹೇಳಿದರೆ ಅದರೊಳಗೆ ನೆನೆಸಿದ ಎಂಟು ಸೇರಿದೆಯೋ ಇಲ್ಲವೋ? ಸೇರಿದ್ದರೆ ಉಳಿದದ್ದು ಇಪ್ಪತ್ತೆರಡು. ಸೇರದಿದ್ದರೆ ಒಟ್ಟು ಮೂವತ್ತೆಂಟು. ಇದನ್ನು ಹೇಳದೆ ಇಬ್ಬರು ಅಂಕಿ ಹೋಲಿಸುವುದೆಂದರೆ, ಒಬ್ಬ ಬೆಂಗಳೂರಿನಿಂದಲೂ ಇನ್ನೊಬ್ಬ ತುಮಕೂರಿನಿಂದಲೂ ದೂರ ಅಳೆದು, ಶಿವಮೊಗ್ಗ ಎಷ್ಟು ಕಿಲೋಮೀಟರ್ ಎಂದು ಜಗಳವಾಡಿದಂತೆ.

ನನ್ನ ಅಳಿಯಂದಿರು ಇದಕ್ಕೆಲ್ಲ ಒಂದು ಒಳ್ಳೆಯ ಉತ್ತರ ಕೊಟ್ಟರು. ಅದನ್ನು ಮುಚ್ಚಿಡಬಾರದು. "ಮಾವನವರೇ, ಹೊಸದಾಗಿ ಕಲಿಯುವವನಿಗೆ ಯಾವುದಾದರೂ ಒಂದು ಅಂಕಿ ಬೇಡವೇ? ದಿನಕ್ಕೊಂದು ರೀತಿ ಮಾಡಿದರೆ ತಪ್ಪು ಎಲ್ಲಿದೆ ಎಂದು ತಿಳಿಯುವುದು ಹೇಗೆ?" ಎಂದರು. ನಿಜ. ಒಂದನ್ನು ಬದಲಿಸುವಾಗ ಉಳಿದುದನ್ನು ಸ್ಥಿರವಾಗಿಡಬೇಕೆಂಬುದು ಪ್ರಯೋಗದ ಮೊದಲ ಪಾಠ. ಅವರಿಗೆ ಆ ಮಾತು ಸಲ್ಲುತ್ತದೆ. ಅಂಕಿಯ ಮೇಲೆ ನನಗೆ ದ್ವೇಷವಿಲ್ಲ. ನಾನೂ ಒಂದು ಪುಸ್ತಕದಲ್ಲಿ ಪುಡಿಯ ಹೆಸರು, ತೂಕ, ಹೊತ್ತು ಬರೆದಿಡುತ್ತೇನೆ. ಆದರೆ ನಾನು ನೋಡಿ ಬರೆದ ಅಂಕಿ ಬೇರೆ, ಬೇರೆಯವರು ನೋಡಿದ್ದನ್ನು ನಾನು ನೋಡದೆ ನಂಬುವ ಅಂಕಿ ಬೇರೆ. ಅಂಕಿಯೊಂದು ಊರಿಂದ ಊರಿಗೆ ಹೋಗಬೇಕಾದರೆ ಅದರ ಜೊತೆಗೆ ಮೂರು ಸಂಗತಿಗಳು ಹೋಗಬೇಕು: ನೀರು ಯಾವ ವೇಗದಲ್ಲಿ ಬಂತು, ಎಣಿಕೆ ಎಲ್ಲಿಂದ ಆರಂಭವಾಯಿತು, ಆ ಹೊತ್ತಿಗೆ ಕಣ್ಣಿಗೆ ಏನು ಕಂಡಿತು. ಈ ಮೂರೂ ಇಲ್ಲದ ಅಂಕಿ ವಿಳಾಸವಿಲ್ಲದ ಕಾಗದ.

ಬುಧವಾರ ನಾನೇ ಆ ಶಿಷ್ಯನಿಗೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿ, ಆಮೇಲೆ ಒಂದು ಕೆಲಸ ಹೇಳಿದೆ. ತಳವಿಲ್ಲದ ಪೋರ್ಟಾಫಿಲ್ಟರ್ ಅವನ ಬಳಿ ಇತ್ತು. ಹಿಡಿಯುಳ್ಳ ಆ ಬಳೆಯಲ್ಲಿ ಬಟ್ಟಲಿನ ತಳ ನೇರವಾಗಿ ಕಾಣುತ್ತದೆ. ಸೆಕೆಂಡು ನೋಡಬೇಡ, ಬಗ್ಗಿ ತಳವನ್ನು ನೋಡು, ಕಂಡದ್ದನ್ನು ಹೇಳು ಎಂದೆ. ಮರುದಿನ ಬೆಳಿಗ್ಗೆಯೇ ಹೇಳಿದ: "ಮೇಷ್ಟ್ರೇ, ಬಲಗಡೆ ನಾಲ್ಕು ಸೆಕೆಂಡಿಗೇ ಹನಿ ಬಂತು. ಎಡಗಡೆ ಎಂಟಾದರೂ ಒಣಗಿಯೇ ಇತ್ತು." ಅಂದರೆ ಅವನ ಪುಡಿ ಬಟ್ಟಲಿನಲ್ಲಿ ಸಮನಾಗಿ ಹರಡಿರಲಿಲ್ಲ, ಒತ್ತುವಾಗ ಕೈ ಒಂದು ಕಡೆಗೆ ವಾಲಿತ್ತು. ತಪ್ಪು ಎಂಟರದ್ದೂ ಅಲ್ಲ, ಹತ್ತರದ್ದೂ ಅಲ್ಲ. ಮೂರು ತಿಂಗಳು ಸೆಕೆಂಡನ್ನು ಹಿಂದೆ ಮುಂದೆ ಮಾಡಿದವನಿಗೆ ಒಂದು ದಿನ ಬಗ್ಗಿ ನೋಡಿದಾಗ ರೋಗ ಕಂಡಿತು. ಪುಡಿ ಹರಡುವುದರಲ್ಲಿ, ಅರೆಯುವುದರಲ್ಲಿ ತಪ್ಪಿದ್ದರೆ ಮುನ್ನೆನೆಸು ಅದಕ್ಕೆ ಮದ್ದಲ್ಲ. ಕೆಲವೊಮ್ಮೆ ತಪ್ಪನ್ನು ಮರೆಮಾಚುವ ಸೆರಗು ಮಾತ್ರ.

ಇಷ್ಟೆಲ್ಲ ವಾದಿಸಿದ ಮೇಲೆ, ಈ ಮಾತನ್ನು ಆಡುವ ಅಧಿಕಾರ ನನಗಿದೆಯೇ ಎಂದು ನನ್ನನ್ನೇ ಕೇಳಿಕೊಳ್ಳಬೇಕು. ಅವನಿಗೆ ಅಂಕಿಯನ್ನು ನಂಬಲು ಕಲಿಸಿದವರು ಯಾರು?

ಚಿಕ್ಕಮಗಳೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಹೇಳುತ್ತಿದ್ದಾಗಿನ ಸಂಗತಿ. ಎಂಟನೆಯ ತರಗತಿಗೆ ನೀರಿನ ಕುದಿಬಿಂದು ಅಳೆಯುವ ಪ್ರಯೋಗ. ಸ್ಪಿರಿಟ್ ದೀಪ, ಬೀಕರು, ಶಾಲೆಗಿದ್ದ ಒಂದೇ ಉಷ್ಣಮಾಪಕ. ಹುಡುಗಿಯೊಬ್ಬಳು ದಾಖಲೆ ಪುಸ್ತಕದಲ್ಲಿ 97 ಡಿಗ್ರಿ ಎಂದು ಬರೆದು ತಂದಳು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹೊಡೆದು, "ಪುಸ್ತಕ ನೋಡಿಲ್ಲವೇನೇ? ನೂರು" ಎಂದೆ. "ನಾನು ಎರಡು ಸಲ ನೋಡಿದೆ ಸಾರ್, ತೊಂಬತ್ತೇಳೇ ಇತ್ತು" ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಅವಳು ತಲೆ ತಗ್ಗಿಸಿ ರಬ್ಬರಿನಿಂದ ಉಜ್ಜಿ 100 ಎಂದು ಬರೆದಳು. ಪೂರ್ಣ ಅಂಕ ಕೊಟ್ಟೆ.

ಆ ಊರು ಸಮುದ್ರಮಟ್ಟದಿಂದ ಸುಮಾರು 1000 ಮೀಟರು ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಆ ಕೋಣೆಯಲ್ಲಿ ನೀರು ಕುದಿಯಬೇಕಾದದ್ದೇ 97ರ ಆಸುಪಾಸಿನಲ್ಲಿ. ಅಂದು ಆ ಕೋಣೆಯಲ್ಲಿ ಉಷ್ಣಮಾಪಕವನ್ನು ನಿಜವಾಗಿ ನೋಡಿದವಳು ಅವಳೊಬ್ಬಳೇ ಇರಬೇಕು. ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಸಂಬಂಧವನ್ನು ಅದೇ ವರ್ಷ ನಾನೇ ಕರಿಹಲಗೆಯ ಮೇಲೆ ಬರೆದು ಪಾಠ ಮಾಡಿದೆ! ಆದರೂ ಅವಳ 97 ನನಗೆ ನೆನಪಾಗಲಿಲ್ಲ. ನೆನಪಾದದ್ದು ಎಷ್ಟೋ ವರ್ಷಗಳ ನಂತರ; ಆಗ ಅವಳು ಎಲ್ಲಿದ್ದಳೋ.

ಪುಸ್ತಕದ 100 ಸುಳ್ಳಲ್ಲ. 'ಸಮುದ್ರಮಟ್ಟದ ಒತ್ತಡದಲ್ಲಿ' ಎಂಬ ಷರತ್ತನ್ನು ಕಿತ್ತು ಹಾಕಿ ಅದನ್ನು ಗುಡ್ಡದ ಮೇಲೆ ಹೇರಿದ ನಾನು ಸುಳ್ಳುಗಾರ. ಎಂಟು ಸೆಕೆಂಡೂ ಎಲ್ಲೋ, ಯಾರದೋ ಯಂತ್ರದಲ್ಲಿ, ಯಾವುದೋ ಪುಡಿಗೆ ಸತ್ಯವೇ ಇದ್ದೀತು. ಷರತ್ತನ್ನು ಬಿಟ್ಟು ಅಂಕಿಯನ್ನು ಮಾತ್ರ ಹೊತ್ತು ತಂದವರು ನಾವು. ಹೀಗೆ ಹೊತ್ತು ತರುವುದನ್ನು ನಿಮಗೆ ಅಭ್ಯಾಸ ಮಾಡಿಸಿದವರಲ್ಲಿ ನಾನೂ ಒಬ್ಬ. ಆದುದರಿಂದ ಭಾನುವಾರದ ಸಿಟ್ಟಿನಲ್ಲಿ ದೊಡ್ಡ ಪಾಲು ನನ್ನ ಮೇಲಿನದೇ.

ನನ್ನ ಹಳೆಯ ವಿದ್ಯಾರ್ಥಿಗಳೇ, ಯಂತ್ರವಿರುವವರು ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಸೆಕೆಂಡಿನ ಅಂಕಿಯ ಮೇಲೆ ಒಂದು ಚೂರು ಕಾಗದ ಅಂಟಿಸಿ. ಬಗ್ಗಿ ಬಟ್ಟಲಿನ ತಳ ನೋಡಿ. ತಳವೆಲ್ಲ ಸಮನಾಗಿ ಕಪ್ಪಾಗಿ, ಅಲ್ಲಲ್ಲಿ ಹನಿ ಮೂಡುವ ಹೊತ್ತಿಗೆ ಪೂರ್ಣ ಒತ್ತಡ ಕೊಡಿ. ಕುಡಿದು ನೋಡಿ. ಆಮೇಲೆ ಬೇಕಿದ್ದರೆ ಕಾಗದ ತೆಗೆದು ಎಷ್ಟು ಸೆಕೆಂಡಾಗಿತ್ತೆಂದು ನೋಡಿ ಬರೆದುಕೊಳ್ಳಿ. ಅದು ಐದಿರಲಿ, ಹದಿಮೂರಿರಲಿ, ನಿಮ್ಮ ಅಂಕಿ. ಪುಡಿ ಬದಲಾದ ದಿನ ಮತ್ತೆ ಬಗ್ಗಿ ನೋಡಿ. ಯಂತ್ರವಿಲ್ಲದವರು ಫಿಲ್ಟರಿಗೆ ಮೊದಲ ನೀರು ಹಾಕಿ, ಗುಳ್ಳೆ ನೋಡುತ್ತ ಒಂದು ಕ್ಷಣ ನಿಲ್ಲಿ. ವಿದ್ಯೆ ಒಂದೇ.

ಆ ಹುಡುಗಿ ಈಗ ಗೃಹಿಣಿಯಾಗಿರಬಹುದು, ಅಧಿಕಾರಿಯಾಗಿರಬಹುದು, ಅಜ್ಜಿಯೂ ಆಗಿರಬಹುದು. ಈ ಬರಹ ಅವಳ ಕಣ್ಣಿಗೆ ಬಿದ್ದರೆ ಒಂದು ಮಾತು: ಅಮ್ಮಾ, ನಿನ್ನ 97 ಸರಿಯಾಗಿತ್ತು. ಅಡ್ಡಗೆರೆ ಹೊಡೆದದ್ದು ನನ್ನ ತಪ್ಪು.